ವ್ಯಸನಚಿಕಿತ್ಸೆ: ಆಸ್ಪತ್ರೆಯಲ್ಲಿ ವಯಸ್ಕರ ಒಳರೋಗಿ ಸೇವೆ

ಮದ್ಯ, ಅಫೀಮು ಮತ್ತು ಅದರ ಸಂತತಿಯ ದ್ರವ್ಯಗಳು, ನಿದ್ರಾಜನಕ ಗುಳಿಗೆಗಳು ಮೊದಲಾದವುಗಳಿಗೆ ದೇಹವೂ ಮನಸ್ಸೂ ಅಧೀನವಾಗಿ, ಅವಿಲ್ಲದೆ ದಿನಚರಿಯೇ ಸಾಗದಂಥ ಸ್ಥಿತಿಯನ್ನು ಮುಟ್ಟಿದ ವಯಸ್ಕನನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ದ್ರವ್ಯವನ್ನು ನಿಲ್ಲಿಸಿದೊಡನೆ ತಲೆದೋರುವ ಶಾರೀರಿಕ ಪ್ರಕೋಪವನ್ನು ಔಷಧದಿಂದ ಶಮನಗೊಳಿಸಿ, ಅನಂತರ ಅವನು ಹಳೆಯ ಹಾದಿಗೆ ಮರಳದಂತೆ ಅವನನ್ನೂ ಅವನ ಮನೆಯವರನ್ನೂ ಸಿದ್ಧಪಡಿಸುವ ವೈದ್ಯಕೀಯ ವ್ಯವಸ್ಥೆ. ಇದರಲ್ಲಿ ಎರಡು ಘಟ್ಟಗಳುಂಟು. ಆಸ್ಪತ್ರೆಯ ಆಡುಮಾತಿನಲ್ಲಿ ಡಿಟಾಕ್ಸ್ ಎನಿಸಿಕೊಳ್ಳುವ ಮೊದಲನೆಯ ಘಟ್ಟ ಕೆಲವೇ ದಿನಗಳದು. ವ್ಯಸನದ ಚಿಕಿತ್ಸೆಯೆಂದು ನಿಜವಾಗಿ ಕರೆಯಬೇಕಾದ ಎರಡನೆಯ ಘಟ್ಟಕ್ಕೆ ತಿಂಗಳುಗಳೂ ಕೆಲವರ ಪಾಲಿಗೆ ವರ್ಷಗಳೂ ಬೇಕಾಗುತ್ತವೆ. ಮೊದಲನೆಯದು ಮುಗಿದರೆ ಎಲ್ಲವೂ ಮುಗಿಯಿತೆಂಬ ಭ್ರಾಂತಿ ರೋಗಿಯ ಬಂಧುಗಳಲ್ಲಿ ಮಾತ್ರವಲ್ಲದೆ ಎಷ್ಟೋ ಸಲ ಆಸ್ಪತ್ರೆಗಳಲ್ಲಿಯೂ ಬೇರೂರಿದ್ದು, ಈ ಸೇವೆಯ ಕಳೆದೊಂದು ಶತಮಾನದ ಚರಿತ್ರೆಯನ್ನು ಆ ಭ್ರಾಂತಿಯೊಡನೆ ನಡೆದ ಹೋರಾಟದ ಚರಿತ್ರೆಯೆಂದೇ ಓದಬಹುದಾಗಿದೆ.

ಮದ್ಯದ ವಿಷಯವನ್ನು ಮೊದಲಿಗೆ ತೆಗೆದುಕೊಳ್ಳುವುದು ಯುಕ್ತ. ಏಕೆಂದರೆ ನಿಲ್ಲಿಸಿದ ಕಾರಣಕ್ಕೇ ಪ್ರಾಣಹಾನಿಯಾಗಬಲ್ಲ ಅಪರೂಪದ ದ್ರವ್ಯಗಳಲ್ಲಿ ಅದೊಂದು, ಮತ್ತು ಕರ್ನಾಟಕದ ಯಾವ ಆಸ್ಪತ್ರೆಯ ವೈದ್ಯನಿಗೂ ಅದರ ಪರಿಚಯ ತಪ್ಪಿದ್ದಲ್ಲ. ಮೆದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಮದ್ಯವು ಬಲ ಕೊಡುತ್ತದೆ, ಉದ್ರೇಕವನ್ನು ಏರಿಸುವ ಗ್ಲುಟಮೇಟಿನ ವ್ಯಾಪಾರವನ್ನು ಅದುಮಿಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮೆದುಳು ಸುಮ್ಮನಿರುವುದಿಲ್ಲ; ಮದ್ಯದ ಒತ್ತಡಕ್ಕೆ ಪ್ರತಿಯಾಗಿ ತನ್ನ ಉದ್ರೇಕಶಕ್ತಿಯನ್ನು ಹೆಚ್ಚಿಸಿಕೊಂಡು, ಶಾಮಕಶಕ್ತಿಯನ್ನು ಕುಗ್ಗಿಸಿಕೊಂಡು, ಮದ್ಯವಿದ್ದಾಗ ಮಾತ್ರ ಸರಿದೂಗುವಂಥ ಒಂದು ಕೃತಕ ಸಮತೋಲವನ್ನು ಸಾಧಿಸಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವನು ಥಟ್ಟನೆ ಕೈಬಿಟ್ಟರೆ ಇತ್ತ ಎಳೆಯುತ್ತಿದ್ದವನು ತನ್ನ ಬಲದಿಂದಲೇ ಹಿಂದಕ್ಕೆ ಬೀಳುವಂತೆ, ಮದ್ಯವು ಒಮ್ಮೆಲೇ ನಿಂತಾಗ ನರಮಂಡಲವು ತಾನೇ ಬೆಳೆಸಿಕೊಂಡ ಉದ್ರೇಕಕ್ಕೆ ತಾನೇ ತುತ್ತಾಗುತ್ತದೆ.

ಈ ಪ್ರಕೋಪಕ್ಕೆ ಒಂದು ಕಾಲಕ್ರಮವಿದೆ. ಕೊನೆಯ ಸಲ ಕುಡಿದ 6ರಿಂದ 12 ಗಂಟೆಗಳೊಳಗೆ ಕೈನಡುಕ, ಬೆವರು, ಓಕರಿಕೆ, ಎದೆಬಡಿತ, ನಿದ್ರಾನಾಶ, ಕಾರಣವಿಲ್ಲದ ಕಳವಳಗಳು ಕಾಣಿಸಿಕೊಳ್ಳುತ್ತವೆ. ಬೆಳಗ್ಗೆ ಎದ್ದೊಡನೆ ಕೈ ನಡುಗುವುದನ್ನು ನಿಲ್ಲಿಸಲೆಂದೇ ಒಂದಿಷ್ಟು ಹಾಕಿಕೊಳ್ಳುವ ಮನುಷ್ಯ ನಿತ್ಯವೂ ಈ ಘಟ್ಟದ ಹೊಸ್ತಿಲನ್ನು ಮುಟ್ಟಿ ಹಿಂದಿರುಗುತ್ತಿರುತ್ತಾನೆ. 12ರಿಂದ 48 ಗಂಟೆಗಳ ನಡುವೆ ಕೆಲವರಿಗೆ ಅಪಸ್ಮಾರದಂಥ ಸೆಳವು, ಜನರು ಫಿಟ್ಸ್ ಎನ್ನುವುದು, ಬರುತ್ತದೆ. ಇದೆಲ್ಲವನ್ನೂ ದಾಟಿ, 48ರಿಂದ 96 ಗಂಟೆಗಳಲ್ಲಿ, ಮದ್ಯಾವಲಂಬಿಗಳಲ್ಲಿ ನೂರಕ್ಕೆ ಸುಮಾರು ಐವರಿಗೆ, ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿ ಉಂಟಾಗುತ್ತದೆ. ರೋಗಿಗೆ ಹಗಲು ರಾತ್ರಿಗಳ ಅರಿವಿರುವುದಿಲ್ಲ. ತಾನಿರುವುದು ಆಸ್ಪತ್ರೆಯೋ ಮನೆಯೋ ತಿಳಿಯದು. ಗೋಡೆಯ ಮೇಲೆ ಹುಳುಗಳು ಹರಿಯುತ್ತವೆ, ಹಾಸಿಗೆಯ ಮೇಲೆ ಸಣ್ಣ ಪ್ರಾಣಿಗಳು ಓಡಾಡುತ್ತವೆ. ಕೆಲವರಲ್ಲಿ ಇನ್ನೊಂದು ವಿಚಿತ್ರವಾದ, ನೋಡುವವರ ಮನಸ್ಸನ್ನು ಕಲಕುವ ಲಕ್ಷಣವುಂಟು: ಚಾಲಕನಾದವನು ಇಲ್ಲದ ಸ್ಟಿಯರಿಂಗನ್ನು ತಿರುಗಿಸುತ್ತಾನೆ, ದರ್ಜಿಯಾದವನು ಇಲ್ಲದ ಸೂಜಿಗೆ ಇಲ್ಲದ ದಾರವನ್ನು ಪೋಣಿಸುತ್ತಾನೆ, ಪ್ರಜ್ಞೆ ಕದಡಿದರೂ ಕೈಗಳು ಮಾತ್ರ ಕಸುಬನ್ನು ಮರೆಯುವುದಿಲ್ಲ. ಜ್ವರ, ವೇಗದ ನಾಡಿ, ಏರಿದ ರಕ್ತದೊತ್ತಡಗಳು ಜೊತೆಗೂಡಿದಾಗ ಹೃದಯ ಸೋಲಬಹುದು. ತಕ್ಕ ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ಸನ್ನಿಗೆ ಸಿಕ್ಕವರಲ್ಲಿ ಮೂವರಿಗೆ ಒಬ್ಬರವರೆಗೂ ಸಾಯುತ್ತಿದ್ದುದುಂಟು. ಈಗ, ಸಕಾಲದಲ್ಲಿ ಆಸ್ಪತ್ರೆಗೆ ಬಂದವರಲ್ಲಿ, ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ.

ಆಂಗ್ಲ ವೈದ್ಯ ಥಾಮಸ್ ಸಟನ್ 1813ರಲ್ಲಿ ಈ ಸನ್ನಿಗೆ ಹೆಸರಿಟ್ಟನಾದರೂ, ಅದು ಕುಡಿದುದರ ಫಲವೋ ಕುಡಿತ ನಿಂತುದರ ಫಲವೋ ಎಂಬ ವಿವಾದ ಮುಂದೆ ಒಂದೂವರೆ ಶತಮಾನ ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಿದ ಪ್ರಯೋಗವು ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್‌ಟನ್‌ನಲ್ಲಿ, 1935ರಲ್ಲಿ ತೆರೆದ ಸರ್ಕಾರಿ ವ್ಯಸನ ಆಸ್ಪತ್ರೆಯಲ್ಲಿ ನಡೆಯಿತು. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಹಿಂದಿನ ಮಾರ್ಫೀನ್ ವ್ಯಸನಿಗಳಿಗೆ ಹ್ಯಾರಿಸ್ ಇಸ್ಬೆಲ್ ಮತ್ತು ಅವರ ಸಹೋದ್ಯೋಗಿಗಳು ಒಳ್ಳೆಯ ಆಹಾರದೊಡನೆ ವಾರಗಟ್ಟಲೆ ಮದ್ಯವನ್ನು ಕುಡಿಸಿ, ಒಂದು ದಿನ ಥಟ್ಟನೆ ನಿಲ್ಲಿಸಿ, ಆದುದನ್ನು ಗಮನಿಸಿ 1955ರಲ್ಲಿ ಪ್ರಕಟಿಸಿದರು. ಪೌಷ್ಟಿಕತೆಯ ಕೊರತೆಯಿಲ್ಲದಿದ್ದರೂ ದೀರ್ಘಕಾಲ ಕುಡಿದವರಿಗೆ ಸೆಳವೂ ಸನ್ನಿಯೂ ಬಂದವು. ಸೆರೆಯಾಳುಗಳ ಮೇಲೆ ನಡೆಸಿದ ಇಂಥ ಪ್ರಯೋಗಕ್ಕೆ ಇಂದಿನ ಯಾವ ನೀತಿಸಮಿತಿಯೂ ಅನುಮತಿ ಕೊಡದು, ಕೊಡಲೂಬಾರದು. ಆದರೆ ಇಂದಿನ ಪ್ರತಿಯೊಂದು ವ್ಯಸನ ವಾರ್ಡಿನ ಕ್ರಮವೂ ಅದರಿಂದ ಹೊರಟ ತಿಳಿವಿನ ಮೇಲೆ ನಿಂತಿದೆಯೆಂಬುದನ್ನು ಮರೆಮಾಚುವುದೂ ಸಲ್ಲದು.

ಆ ತಿಳಿವಿನಿಂದ ಔಷಧದ ದಾರಿ ತಾನಾಗಿ ತೆರೆಯಿತು: ಮದ್ಯವು ಮೆದುಳಿನಲ್ಲಿ ಹಿಡಿದಿದ್ದ ಜಾಗವನ್ನು ಅದೇ ಬಗೆಯ, ಆದರೆ ಅಳೆದು ಕೊಡಬಹುದಾದ ಇನ್ನೊಂದು ದ್ರವ್ಯದಿಂದ ತುಂಬಿ, ಅದನ್ನು ದಿನದಿನಕ್ಕೆ ಇಳಿಸುತ್ತ ಹೋಗುವುದು. 1960ರಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಗುಳಿಗೆಯೇ ಈ ಕೆಲಸಕ್ಕೆ ಒದಗಿತು. ಅಮೆರಿಕದ 537 ಮಾಜಿ ಸೈನಿಕರನ್ನು ಒಳಗೊಂಡು 1969ರಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಸೆಳವನ್ನೂ ಸನ್ನಿಯನ್ನೂ ತಡೆಯುವುದರಲ್ಲಿ ಅಂದು ಬಳಕೆಯಲ್ಲಿದ್ದ ಇತರ ಔಷಧಗಳಿಗಿಂತ ಇದು ಮೇಲೆಂದು ತೋರಿಸಿತು. ಇಂದಿಗೂ ಇದೂ ಡಯಾಜೆಪಾಮೂ ಮೊದಲ ಸಾಲಿನ ಔಷಧಗಳು. ಯಕೃತ್ತು ಕೆಟ್ಟವರಲ್ಲಿ, ವೃದ್ಧರಲ್ಲಿ, ದೇಹದಲ್ಲಿ ಬೇಗ ಶೇಖರವಾಗದ ಲೋರಾಜೆಪಾಮನ್ನು ಆರಿಸುತ್ತಾರೆ. ಎಷ್ಟು ಕೊಡಬೇಕೆಂಬುದನ್ನು ನಿರ್ಣಯಿಸಲು 1989ರಲ್ಲಿ ರೂಪಗೊಂಡ ಮಾನಕವೊಂದುಂಟು. ಯಂತ್ರವಾಗಲಿ ರಕ್ತಪರೀಕ್ಷೆಯಾಗಲಿ ಅದಕ್ಕೆ ಬೇಕಿಲ್ಲ. ದಾದಿಯು ರೋಗಿಯ ಕೈಯನ್ನು ಮುಂದಕ್ಕೆ ಚಾಚಿಸಿ ನಡುಕವನ್ನು ನೋಡುತ್ತಾಳೆ, ಹಣೆಯ ಬೆವರನ್ನು ಗಮನಿಸುತ್ತಾಳೆ, ಇಂದು ಯಾವ ದಿನವೆಂದು ಕೇಳುತ್ತಾಳೆ. ಇಂಥ 10 ಅಂಶಗಳಿಗೆ ಒಟ್ಟು 67ರವರೆಗೆ ಅಂಕಗಳು. ಅಂಕ ಏರಿದಾಗ ಗುಳಿಗೆ, ಇಳಿದಾಗ ಕಾಯುವಿಕೆ. ಈ ಇಡೀ ಘಟ್ಟದಲ್ಲಿ ವೈದ್ಯನ ಪ್ರಾವೀಣ್ಯಕ್ಕಿಂತ ರಾತ್ರಿಪಾಳಿಯ ದಾದಿಯ ಎಚ್ಚರವೇ ದೊಡ್ಡದು.

ಇಲ್ಲಿಯೇ ಹೇಳಬೇಕಾದ ಇನ್ನೊಂದು ವಿಷಯವೆಂದರೆ ಥಯಮಿನ್, ಎಂದರೆ ಬಿ-1 ಜೀವಸತ್ವ. ಊಟ ಬಿಟ್ಟು ಕುಡಿದವರಲ್ಲಿ ಅದು ಬರಿದಾಗಿರುತ್ತದೆ. ಬರಿದಾದಾಗ ಕಣ್ಣಿನ ಚಲನೆ ತಪ್ಪಿ, ನಡಿಗೆ ತೂರಾಡಿ, ಬುದ್ಧಿ ಮಸುಳುವ ವ್ಯಾಧಿಯನ್ನು ಕಾರ್ಲ್ ವೆರ್ನಿಕೆ 1881ರಲ್ಲಿ ವರ್ಣಿಸಿದನು. ಅದನ್ನು ತಿದ್ದದೆ ಬಿಟ್ಟರೆ ಹೊಸ ನೆನಪುಗಳೇ ನೆಲೆಗೊಳ್ಳದ, ಬಹುಮಟ್ಟಿಗೆ ಹಿಂದಿರುಗದ ಸ್ಮೃತಿನಾಶ ಉಳಿದುಬಿಡುತ್ತದೆ. ಅದಕ್ಕೆ ರಷ್ಯದ ವೈದ್ಯ ಕೊರ್ಸಕೋವನ ಹೆಸರಿದೆ. ಬಸವಳಿದು ಬಂದ ಕುಡುಕನನ್ನು ಕಂಡು, "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟರೇ" ಎಂದು ಮನೆಯವರು ಒತ್ತಾಯಿಸುವುದು ನಮ್ಮ ಊರುಗಳ ವಾಡಿಕೆ. ಗ್ಲೂಕೋಸನ್ನು ದೇಹವು ಉರಿಸಬೇಕಾದರೂ ಥಯಮಿನ್ ಬೇಕಾದುದರಿಂದ, ಥಯಮಿನ್ ಕೊಡದೆ ಹಾಕಿದ ಆ ಬಾಟ್ಲಿಯು ಉಳಿದಿದ್ದ ಚೂರನ್ನೂ ಕಬಳಿಸಿ ಈ ವ್ಯಾಧಿಯನ್ನೇ ಬರಿಸಬಲ್ಲದು. ಮೊದಲು ಥಯಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್ ಎಂಬ ನಿಯಮ ಇದರಿಂದ ಹುಟ್ಟಿದೆ. ಕುಡಿದು ಬಿದ್ದಾಗ ತಲೆಯೊಳಗೆ ಆದ ರಕ್ತಸ್ರಾವ, ನ್ಯುಮೋನಿಯ, ಮೇದೋಜೀರಕದ ಉರಿಯೂತ, ರಕ್ತದಲ್ಲಿ ಪೊಟ್ಯಾಸಿಯಂ ಮ್ಯಾಗ್ನೀಸಿಯಂಗಳ ಕೊರತೆ, ಇವೂ ಸನ್ನಿಯ ವೇಷದಲ್ಲಿ ಬರಬಹುದಾದ್ದರಿಂದ, "ಕುಡಿತದ ಕೇಸು" ಎಂದು ಬರೆದು ಮೂಲೆಯ ಹಾಸಿಗೆಗೆ ಕಳುಹಿಸುವುದು ವೈದ್ಯಕ್ಕೆ ಎಸಗುವ ದ್ರೋಹ.

ಇವೆಲ್ಲವೂ ಪುಸ್ತಕದ ಮಾತಲ್ಲವೆಂಬುದು 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆಲ್ಲ ತಿಳಿಯಿತು. ಕೊರೋನಾ ನಿಮಿತ್ತ ಲಾಕ್‌ಡೌನ್ ಘೋಷಣೆಯಾಗಿ ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದಾಗ, ತಯಾರಿಯಿಲ್ಲದೆ, ವೈದ್ಯರಿಲ್ಲದೆ, ಲಕ್ಷಾಂತರ ಮಂದಿ ಏಕಕಾಲದಲ್ಲಿ ಕುಡಿತವನ್ನು ನಿಲ್ಲಿಸಬೇಕಾಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಮದ್ಯನಿಲುಗಡೆಯ ಪ್ರಕೋಪದಿಂದ, ಅದರಲ್ಲಿಯೂ ಸನ್ನಿಯಿಂದ, ಬರುವವರ ಸಂಖ್ಯೆ ಗಣನೀಯವಾಗಿ ಏರಿದುದನ್ನು ನಿಮ್ಹಾನ್ಸ್ ವೈದ್ಯರು ಅದೇ ವರ್ಷ ವರದಿ ಮಾಡಿದರು. ಕೇರಳ ಸರ್ಕಾರವು ವೈದ್ಯರ ಚೀಟಿಯ ಮೇಲೆ ಮದ್ಯವನ್ನೇ ಒದಗಿಸಲು ಆದೇಶ ಹೊರಡಿಸಿತು. ವೈದ್ಯರ ಸಂಘಗಳು ಪ್ರತಿಭಟಿಸಿದವು. ಉಚ್ಚ ನ್ಯಾಯಾಲಯವು ಆದೇಶಕ್ಕೆ ತಡೆ ಕೊಟ್ಟಿತು. ವೈದ್ಯರ ಆಕ್ಷೇಪಣೆ ನ್ಯಾಯವಾದುದೇ, ಅಳೆದು ಇಳಿಸಬಹುದಾದ ಔಷಧವಿರುವಾಗ ಮದ್ಯವನ್ನು ಔಷಧವೆನ್ನುವುದು ಸಲ್ಲದು. ಆದರೆ ಆ ಔಷಧವನ್ನು ಹಳ್ಳಿಯ ಕೂಲಿಕಾರನಿಗೆ ಅಂದು ಕೊಡುವವರಾರು ಎಂಬ ಪ್ರಶ್ನೆಗೆ ಆಕ್ಷೇಪಣೆಯಲ್ಲಿ ಉತ್ತರವಿರಲಿಲ್ಲ. ಮೇ 4ರಂದು ಕರ್ನಾಟಕದಲ್ಲಿ ಅಂಗಡಿಗಳು ತೆರೆದಾಗ ಕಂಡ ಸಾಲುಗಳನ್ನು ಪತ್ರಿಕೆಗಳು ಪರಿಹಾಸದ ಚಿತ್ರಗಳಾಗಿ ಅಚ್ಚುಹಾಕಿದವು. ಆ ಸಾಲಿನಲ್ಲಿ ರೋಗಿಗಳೂ ನಿಂತಿದ್ದರು.

ಅಫೀಮು, ಹೆರಾಯಿನ್ ಮೊದಲಾದವುಗಳ ನಿಲುಗಡೆಯ ಸ್ವರೂಪ ಬೇರೆ. ಹೆರಾಯಿನ್ ಸೇವಿಸಿದ 8ರಿಂದ 12 ಗಂಟೆಗಳಲ್ಲಿ ಮೂಗು ಕಣ್ಣುಗಳಿಂದ ನೀರು, ಆಕಳಿಕೆ, ಮೈಕೈನೋವು, ಭೇದಿ, ರೋಮಾಂಚ ಮೊದಲಾಗಿ, ಎರಡು ಮೂರು ದಿನಗಳಲ್ಲಿ ಶಿಖರಕ್ಕೇರಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಯಾತನೆ ಅಪಾರ, ಪ್ರಾಣಾಪಾಯ ವಿರಳ. ಅಪಾಯವಿರುವುದು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ. ಒಳಗಿದ್ದ ಅವಧಿಯಲ್ಲಿ ದೇಹದ ಸಹನಶಕ್ತಿ ಕುಗ್ಗಿರುತ್ತದೆ, ಆಸೆ ಕುಗ್ಗಿರುವುದಿಲ್ಲ. ಹಳೆಯ ಅಳತೆಯಲ್ಲಿಯೇ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲುತ್ತದೆ. ಲಂಡನ್ನಿನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊರಬಂದ ಮೇಲೆ ಅತಿಸೇವನೆಯಿಂದ ಸತ್ತವರು ನಡುವೆ ಓಡಿಹೋದವರಲ್ಲ, ನಿಲುಗಡೆಯ ಚಿಕಿತ್ಸೆಯನ್ನು ಯಶಸ್ವಿಯಾಗಿ ಪೂರೈಸಿದವರೇ ಆಗಿದ್ದರು. ಆದುದರಿಂದ ಅಫೀಮು ವರ್ಗದ ವ್ಯಸನದಲ್ಲಿ ಬರಿಯ ನಿಲುಗಡೆಯನ್ನು ಮಾಡಿ ಮನೆಗೆ ಕಳುಹಿಸುವುದನ್ನು ತಜ್ಞರು ಈಗ ಒಪ್ಪುವುದಿಲ್ಲ; ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್ ಎಂಬ ದೀರ್ಘಕ್ರಿಯೆಯ ಔಷಧವನ್ನು ದೀರ್ಘಕಾಲ ಮುಂದುವರಿಸುತ್ತಾರೆ. ಡೋಲ್ ಮತ್ತು ನೈಸ್ವಾಂಡರ್ ನ್ಯೂಯಾರ್ಕಿನಲ್ಲಿ 1965ರಲ್ಲಿ ಮೆಥಡೋನಿನ ಈ ಪದ್ಧತಿಯನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. "ಒಂದು ಚಟದ ಬದಲು ಇನ್ನೊಂದು ಚಟ" ಎಂಬ ಹೀಯಾಳಿಕೆ ಇದರ ಮೇಲಿದೆ. ಬದುಕಿ ಕೆಲಸಕ್ಕೆ ಹೋಗುತ್ತಿರುವ ಮನುಷ್ಯನ ಮುಂದೆ ಆ ಹೀಯಾಳಿಕೆಗೆ ಬೆಲೆಯಿಲ್ಲ.

ನಿದ್ರಾಜನಕ ಗುಳಿಗೆಗಳನ್ನು ದೀರ್ಘಕಾಲ ನುಂಗಿದವರಲ್ಲಿ ನಿಲುಗಡೆಯು ಮದ್ಯದಂತೆಯೇ ಸೆಳವಿಗೆ ಕಾರಣವಾಗಬಲ್ಲುದರಿಂದ, ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಸುವುದೊಂದೇ ಮಾರ್ಗ. ಗಾಂಜಾ, ತಂಬಾಕುಗಳ ನಿಲುಗಡೆಗಾಗಿಯೇ ಒಳರೋಗಿಯಾಗುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಹಾಗಾದರೆ ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು? ಹಿಂದೆ ಸೆಳವು ಅಥವಾ ಸನ್ನಿ ಬಂದಿದ್ದವರು, ಯಕೃತ್ತು ಹೃದಯಗಳ ರೋಗವಿರುವವರು, ಗರ್ಭಿಣಿಯರು, ವೃದ್ಧರು, ಆತ್ಮಹತ್ಯೆಯ ಯೋಚನೆಯುಳ್ಳವರು, ಏಕಕಾಲಕ್ಕೆ ಹಲವು ದ್ರವ್ಯಗಳಿಗೆ ಅಧೀನರಾದವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು. ಮಿಕ್ಕವರಿಗೆ ದಿನವೂ ಬಂದು ಹೋಗುವ ಹೊರರೋಗಿ ಚಿಕಿತ್ಸೆಯೇ ಸಾಕೆಂಬುದು ಆಸ್ಪತ್ರೆಗಳಿಗೆ ರುಚಿಸದಿದ್ದರೂ ಸಾಬೀತಾದ ಸಂಗತಿ. 1989ರಲ್ಲಿ ಅಮೆರಿಕದಲ್ಲಿ ಹಯಾಶಿದಾ ಮತ್ತು ಸಂಗಡಿಗರು ಲಘು ಮತ್ತು ಮಧ್ಯಮ ತೀವ್ರತೆಯ ಮದ್ಯನಿಲುಗಡೆಯ ರೋಗಿಗಳನ್ನು ಎರಡು ಪಂಗಡಗಳಾಗಿ ವಿಭಾಗಿಸಿ ನೋಡಿದಾಗ, ನಿಲುಗಡೆಯನ್ನು ಪೂರೈಸಿದವರು ಒಳರೋಗಿಗಳಲ್ಲಿ ಹೆಚ್ಚಾಗಿದ್ದರು, ಖರ್ಚೂ ಬಹಳ ಹೆಚ್ಚಾಗಿತ್ತು. ಆದರೆ ಆರು ತಿಂಗಳ ಅನಂತರ ಎರಡು ಪಂಗಡಗಳ ನಡುವೆ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಅದಕ್ಕೂ ಮುಂಚೆ, 1977ರಲ್ಲಿ, ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಜಿಮ್ ಆರ್ಫರ್ಡ್ 100 ಜನ ವಿವಾಹಿತ ಪುರುಷರಲ್ಲಿ ಅರ್ಧದಷ್ಟು ಮಂದಿಗೆ ಪೂರ್ಣ ಚಿಕಿತ್ಸೆಯನ್ನೂ ಉಳಿದವರಿಗೆ ಸತಿಪತಿಯರನ್ನು ಜೊತೆಗೆ ಕೂಡಿಸಿಕೊಂಡು ಒಂದು ಗಂಭೀರವಾದ ಸಲಹೆಯನ್ನೂ ಕೊಟ್ಟು, ವರ್ಷದ ಕೊನೆಗೆ ಫಲ ಹೆಚ್ಚುಕಡಮೆ ಒಂದೇ ಎಂದು ಕಂಡಿದ್ದರು. ಒಳರೋಗಿ ಸೇವೆ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ; ಹಾಸಿಗೆಯ ದಿನಗಳು ಪ್ರಾಣವನ್ನು ಉಳಿಸುತ್ತವೆ, ಸ್ವಭಾವವನ್ನು ತಿರುಗಿಸಲಾರವು ಎಂದಿಷ್ಟೇ ಅರ್ಥ.

ಸ್ವಭಾವದ ಕೆಲಸವು ನಡುಕ ನಿಂತ ಮೇಲೆ, ರೋಗಿಯ ತಲೆ ತಿಳಿಯಾಗಿ ಮಾತು ಕೇಳುವಂತಾದ ಮೇಲೆ ಮೊದಲಾಗುತ್ತದೆ. ಭಾರತದ ಕೇಂದ್ರಗಳಲ್ಲಿ ಒಳರೋಗಿಯಾಗಿರುವ ಅವಧಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಈ ಅವಧಿಯಲ್ಲಿ ರೋಗಿಯನ್ನು ಬೈದು ಒಪ್ಪಿಸುವ ಬದಲು ಅವನ ಬಾಯಿಂದಲೇ ಬಿಡುವ ಕಾರಣಗಳನ್ನು ಹೊರಡಿಸುವ, ವಿಲಿಯಂ ಮಿಲ್ಲರ್ 1983ರಲ್ಲಿ ನಿರೂಪಿಸಿದ ಸಂದರ್ಶನ ಕ್ರಮ; ಸಂಬಳದ ದಿನ, ಮದುವೆ, ತಿಥಿ, ಹಳೆಯ ಗೆಳೆಯನ ಭೇಟಿ ಮುಂತಾದ ಜಾರುಜಾಗಗಳನ್ನು ಮುಂಚಿತವಾಗಿ ಗುರುತಿಸಿ ಎದುರಿಸುವ ಅಭ್ಯಾಸ; ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಗಳು, ಇವು ಪ್ರಾರಂಭವಾಗುತ್ತವೆ. 1948ರಲ್ಲಿ ಕೋಪನ್‌ಹೇಗನ್ನಿನಲ್ಲಿ ಬೆಳಕಿಗೆ ಬಂದ ಡೈಸಲ್ಫಿರಾಮ್ ಎಂಬುದು ಬೇರೆ ಜಾತಿಯದು. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ತೆಗೆದುಕೊಂಡವನಿಗೆ ಅದು ಕಾವಲುಗಾರ. ಆದರೆ "ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂದು ಬಸ್‌ನಿಲ್ದಾಣದ ಗೋಡೆಗಳ ಮೇಲೆ ಬರೆಸುವವರ ಪುಡಿಗಳನ್ನು ಸಾರಿನಲ್ಲಿ ಬೆರೆಸಿ ಬಡಿಸುವ ಹೆಂಡತಿ ತಾಯಂದಿರಿಗೆ ಅದರಲ್ಲೇನಿದೆಯೆಂಬುದು ತಿಳಿದಿರುವುದಿಲ್ಲ. ಹೃದ್ರೋಗಿಯ ಎಲೆಗೆ ಅಂಥದು ಬಿದ್ದರೆ ಕೊಲೆಗೆ ಸಮಾನ.

ಆಸ್ಪತ್ರೆಗಳು ಇಂಥ ರೋಗಿಗಳಿಗೆ ಬಾಗಿಲು ತೆರೆದುದೇ ಈಚೆಗೆ. ಅಮೆರಿಕದ ಆಕ್ರನ್ ನಗರದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಸಂನ್ಯಾಸಿನಿಯು 1939ರಲ್ಲಿ ಮದ್ಯವ್ಯಸನಿಯನ್ನು ಸೇರಿಸಿಕೊಂಡಾಗ, ದಾಖಲೆಯಲ್ಲಿ ಜಠರದ ಉರಿಯೂತವೆಂದು ಕಾಣಿಸಬೇಕಾಯಿತು. ಆಕೆಯ ಜೊತೆಗಾರನಾದ ವೈದ್ಯ ಬಾಬ್ ಸ್ಮಿತ್ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸ್ಥಾಪಕರಲ್ಲೊಬ್ಬ, ಸ್ವತಃ ಕುಡಿತದಿಂದ ಬಿಡಿಸಿಕೊಂಡವನು. ಕುಡಿತ ಬಿಟ್ಟವನೇ ಬಿಡಬೇಕಾದವನ ಹಾಸಿಗೆಯ ಪಕ್ಕ ಕುಳಿತು ಮಾತನಾಡುವ ಪದ್ಧತಿ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಸಾಮಾನ್ಯ ಆಸ್ಪತ್ರೆಗಳು ಇವರನ್ನು ಸೇರಿಸಿಕೊಳ್ಳಬೇಕೆಂದು ಅಮೆರಿಕದ ವೈದ್ಯಸಂಘವು ಘೋಷಿಸಿದುದು 1956ರಲ್ಲಿ.

ಭಾರತದಲ್ಲಿ ಸರ್ಕಾರವು ಈ ಕ್ಷೇತ್ರಕ್ಕೆ ವ್ಯವಸ್ಥಿತವಾಗಿ ಇಳಿದುದು 1985ರ ಮಾದಕವಸ್ತು ಕಾಯಿದೆಯ ಅನಂತರ. ಅದಕ್ಕೂ ಮೊದಲೇ, 1980ರಲ್ಲಿ, ಪತಿಯನ್ನು ಮದ್ಯಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ ಚೆನ್ನೈಯಲ್ಲಿ ಟಿ. ಟಿ. ರಂಗನಾಥನ್ ಸಂಶೋಧನ ಪ್ರತಿಷ್ಠಾನವನ್ನು ಕಟ್ಟಿದ್ದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ಕೇಂದ್ರ, ಚಂಡೀಗಢದ ಸ್ನಾತಕೋತ್ತರ ಸಂಸ್ಥೆಯ ಘಟಕ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನವೈದ್ಯ ಕೇಂದ್ರ, ಇವು ದೇಶದಲ್ಲಿ ಇಂದು ಈ ವಿದ್ಯೆಯ ಮುಖ್ಯ ಪೀಠಗಳು. 1985ರ ಕಾಯಿದೆಗೆ ಮುಂದೆ ಸೇರಿದ 64ಎ ವಿಧಿಯಂತೆ, ಅಲ್ಪಪ್ರಮಾಣದ ವಸ್ತುವಿನೊಡನೆ ಅಥವಾ ಸೇವನೆಗಾಗಿ ಸಿಕ್ಕಿಬಿದ್ದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು. ಈ ವಿಧಿಯ ವಿಷಯ ತಿಳಿದ ಕುಟುಂಬಗಳು ಕಡಮೆ. ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾದ ಮನೋಸ್ಥಿತಿಗಳು 2017ರ ಮಾನಸಿಕ ಆರೋಗ್ಯ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅದರಂತೆ ರೋಗಿಯ ಒಪ್ಪಿಗೆಯೇ ಸೇರ್ಪಡೆಯ ಸಾಮಾನ್ಯ ನಿಯಮ, ನಿರ್ಣಯಶಕ್ತಿ ತೀರ ಕುಂದಿದವರನ್ನು ಮಾತ್ರ ನಿಯೋಜಿತ ಪ್ರತಿನಿಧಿಯ ಮನವಿಯ ಮೇಲೆ ಮೊದಲು 30 ದಿನಗಳವರೆಗೆ ಇರಿಸಿಕೊಳ್ಳಬಹುದು, ಸರಪಳಿಯಲ್ಲಿ ಕಟ್ಟುವುದು ಯಾವ ರೂಪದಲ್ಲಿಯೂ ನಿಷಿದ್ಧ. ರೋಗಿಯನ್ನು ರಾತ್ರಿ ವ್ಯಾನಿನಲ್ಲಿ ಹೊತ್ತೊಯ್ದು, ತಿಂಗಳುಗಟ್ಟಲೆ ಬೀಗ ಹಾಕಿ, ಹೊಡೆತವನ್ನೇ ಚಿಕಿತ್ಸೆಯೆನ್ನುವ ಖಾಸಗಿ ಗೃಹಗಳು ಈ ಕಾಯಿದೆಯ ಕಣ್ಣಿನಲ್ಲಿ ಅಪರಾಧಿಗಳು.

ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು 2007ರ ಜುಲೈ 1ರಿಂದ ನಿಂತಿತು, ಕುಡಿತ ನಿಲ್ಲಲಿಲ್ಲ. ಇಲ್ಲಿನ ಹಳ್ಳಿಗರಿಗೆ ಆಸ್ಪತ್ರೆಗಿಂತ ಹತ್ತಿರದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರ. ಅಲ್ಲಿಂದ ಹೊರಬಂದವರು ನವಜೀವನ ಸಮಿತಿಗಳಾಗಿ ಕೂಡಿ ಒಬ್ಬರನ್ನೊಬ್ಬರು ಕಾಯುತ್ತಾರೆ. ನಮ್ಮ ದೊಡ್ಡ ಆಸ್ಪತ್ರೆಗಳಿಂದ ಬಿಡುಗಡೆಯಾದವನಿಗೆ ಚೀಟಿಯೊಂದಲ್ಲದೆ ಹಿಂದುಮುಂದಿನ ಆಸರೆ ಸಿಕ್ಕದಿರುವಾಗ, ಶಿಬಿರದ ಈ ಒಗ್ಗಟ್ಟು ಆಸ್ಪತ್ರೆಗಳು ಕಲಿಯಬೇಕಾದ ವಿದ್ಯೆ. ಆದರೆ ಹಿಂದೊಮ್ಮೆ ಫಿಟ್ಸ್ ಬಂದಿದ್ದವನನ್ನು ನೇರವಾಗಿ ಶಿಬಿರಕ್ಕೆ ಕರೆದೊಯ್ಯದೆ ಮೊದಲು ಜಿಲ್ಲಾ ಆಸ್ಪತ್ರೆಗೆ ತೋರಿಸುವುದು ಒಳಿತು.

ಕೇಂದ್ರ ಸರ್ಕಾರದ ಪರವಾಗಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಪಾನಿಗಳು ಸುಮಾರು 16 ಕೋಟಿ, ಅವರಲ್ಲಿ 5.7 ಕೋಟಿ ಮಂದಿಗೆ ಯಾವುದಾದರೊಂದು ಸಹಾಯ ಅಗತ್ಯ. ಮದ್ಯಾವಲಂಬಿಗಳಾದ 38 ಜನರಲ್ಲಿ ಒಬ್ಬರಿಗೆ ಏನಾದರೊಂದು ಚಿಕಿತ್ಸೆ ದೊರೆತಿದೆ, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಸನ್ನಿಯನ್ನು ತಡೆಯುವ ಗುಳಿಗೆಯೂ ಥಯಮಿನ್ ಚುಚ್ಚುಮದ್ದೂ ಅಗ್ಗದವು; ಸರ್ಕಾರಿ ಆಸ್ಪತ್ರೆಗಳಿಗೆ ಅವು ಹೊಸತಲ್ಲ. ನಿತ್ಯವೂ ಹೆಚ್ಚಾಗಿ ಕುಡಿಯುವವರು ಮನೆಯಲ್ಲಿ ತಾವಾಗಿ ಒಮ್ಮೆಲೇ ನಿಲ್ಲಿಸದೆ ಮೊದಲು ವೈದ್ಯರನ್ನು ಕಾಣಬೇಕು. ಹೋಗುವುದೆಲ್ಲಿಗೆಂದು ತಿಳಿಯದವರಿಗೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಶುಲ್ಕವಿಲ್ಲದೆ ದೊರೆಯುತ್ತದೆ.